ಅರಿಶಿನದ ಪಟ್ಟಿಗೆ ನಿಂಬೆರಸ ಹಾಕಿದರೆ ಬಣ್ಣ ಏಕೆ ಬದಲಾಗುವುದಿಲ್ಲ? (ಏಳನೇ ತರಗತಿ ವಿಜ್ಞಾನ)

ಪ್ರಶ್ನೆ (ಪೋಷಕರು):
ನನ್ನ ಮಗಳು ಏಳನೇ ತರಗತಿಯಲ್ಲಿದ್ದು, ಈಗ ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳ ಪಾಠ ನಡೆಯುತ್ತಿದೆ. ಅರಿಶಿನವನ್ನು ನೀರಿನಲ್ಲಿ ಕಲಸಿ ಕಾಗದಕ್ಕೆ ಬಳಿದು, ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿ ಮನೆಯಲ್ಲೇ ಪ್ರಯೋಗ ಮಾಡಿದೆವು. ಸಾಬೂನಿನ ನೀರು ಬಿದ್ದೊಡನೆ ಪಟ್ಟಿ ಕೆಂಪಾಯಿತು. ನಿಂಬೆರಸ, ಹುಣಸೆ ನೀರು, ಸಕ್ಕರೆ ನೀರು, ಈ ಮೂರಕ್ಕೂ ಹಳದಿಯಾಗಿಯೇ ಉಳಿಯಿತು. ‘ಹುಳಿಗೂ ಸಿಹಿಗೂ ವ್ಯತ್ಯಾಸವೇ ತೋರಿಸದಿದ್ದರೆ ಇದನ್ನು ಸೂಚಕ (ಬಣ್ಣ ಬದಲಿಸಿ ಆಮ್ಲ, ಪ್ರತ್ಯಾಮ್ಲಗಳನ್ನು ತೋರಿಸುವ ವಸ್ತು) ಎನ್ನುವುದು ಹೇಗೆ?’ ಎಂದು ಅವಳು ಕೇಳುತ್ತಿದ್ದಾಳೆ. ಪರೀಕ್ಷೆಗೆ ‘ಪ್ರತ್ಯಾಮ್ಲದಲ್ಲಿ ಕೆಂಪು’ ಎಂದಷ್ಟೇ ಬರೆದರೆ ಸಾಕೆಂದು ನಾನು ಹೇಳಬಹುದಿತ್ತು, ಆದರೆ ಹೇಳಲು ಮನಸ್ಸಾಗಲಿಲ್ಲ.

ಉತ್ತರ 1 (ವಿಜ್ಞಾನ ಶಿಕ್ಷಕಿ):
ನಿಮ್ಮ ಮಗಳ ಪ್ರಶ್ನೆ ಸರಿಯಾಗಿದೆ, ಪ್ರಯೋಗವೂ ಕೆಟ್ಟಿಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತು ಆಮ್ಲದಲ್ಲಿಯೂ ತಟಸ್ಥ ದ್ರಾವಣದಲ್ಲಿಯೂ ಹಳದಿಯಾಗಿರುತ್ತದೆ. ಪಿಎಚ್ (ದ್ರಾವಣ ಎಷ್ಟು ಆಮ್ಲೀಯ ಅಥವಾ ಪ್ರತ್ಯಾಮ್ಲೀಯ ಎಂಬುದರ ಅಳತೆ; 7 ಎಂದರೆ ತಟಸ್ಥ, ಅದಕ್ಕಿಂತ ಹೆಚ್ಚಾದರೆ ಪ್ರತ್ಯಾಮ್ಲ) ಸುಮಾರು 7.5 ದಾಟಿದ ಮೇಲೆ ಅದರ ಅಣುವಿನಿಂದ ಹೈಡ್ರೋಜನ್ ಅಯಾನು ಕಳಚಿಕೊಂಡು, ಬೆಳಕನ್ನು ಹೀರುವ ರೀತಿ ಬದಲಾಗಿ, ನಮಗೆ ಕೆಂಪಾಗಿ ಕಾಣುತ್ತದೆ. ಆದ್ದರಿಂದ ಅದು ‘ಇಲ್ಲಿ ಪ್ರತ್ಯಾಮ್ಲ ಇದೆಯೇ?’ ಎಂಬ ಒಂದೇ ಪ್ರಶ್ನೆಗೆ ಉತ್ತರಿಸುವ ಸೂಚಕ. (ಪಿಎಚ್ ಎಂಬ ಪದ ಮಕ್ಕಳಿಗೆ ಮುಂದಿನ ತರಗತಿಗಳಲ್ಲಿ ಸಿಗುತ್ತದೆ, ಈಗಲೇ ಹೇರಬೇಡಿ.)

ಆದರೂ ಅದೇ ಪಟ್ಟಿಯಿಂದ ಆಮ್ಲವನ್ನು ಗುರುತಿಸುವ ದಾರಿಯೊಂದಿದೆ. ಮೊದಲು ಸಾಬೂನಿನ ನೀರಿನಿಂದ ಪಟ್ಟಿಯನ್ನು ಕೆಂಪಾಗಿಸಿ, ಬಳಿಕ ಒಂದೊಂದೇ ದ್ರಾವಣವನ್ನು ಹನಿಸಿರಿ. ನಿಂಬೆ ಮತ್ತು ಹುಣಸೆ ಪ್ರತ್ಯಾಮ್ಲವನ್ನು ತಟಸ್ಥಗೊಳಿಸಿ ಪಟ್ಟಿಯನ್ನು ಮತ್ತೆ ಹಳದಿಯಾಗಿಸುತ್ತವೆ, ಸಕ್ಕರೆ ನೀರು ಕೆಂಪನ್ನು ಕೆಂಪಾಗಿಯೇ ಬಿಡುತ್ತದೆ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಇನ್ನೂ ಒಳ್ಳೆಯ ಸೂಚಕವೇ ಸಿಗುತ್ತದೆ: ಆಮ್ಲದಲ್ಲಿ ಕಡು ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು.

ಉತ್ತರ 2:
ಶಿಕ್ಷಕಿಯವರು ಹೇಳಿದ್ದನ್ನು ನಮ್ಮ ಮನೆಗಳು ಹಿಂದಿನಿಂದಲೂ ಬಳಸುತ್ತಾ ಬಂದಿವೆ. ಹೊಸ ಮದುಮಕ್ಕಳಿಗೆ ಎತ್ತುವ ಆರತಿಯ ಓಕುಳಿ ಎಂದರೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪಾಗಿಸಿದ್ದೇ ಅಲ್ಲವೇ? ಸುಣ್ಣ ಪ್ರತ್ಯಾಮ್ಲವೆಂಬುದನ್ನು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚುವುದಿಲ್ಲ. ಅರಿಶಿನದಿಂದ ಮಾಡಿದ ಕುಂಕುಮದ ಮೇಲೆ ನಿಂಬೆರಸ ಹಿಂಡಿಸಿ ನೋಡಿ. ಹಳದಿಯಾದರೆ ಅಸಲಿ, ಆಗದಿದ್ದರೆ ಕೃತಕ ಬಣ್ಣ.

ಉತ್ತರ 3:
ಮೇಲಿನ ಕೊನೆಯ ಮಾತಿಗೆ ಒಂದು ತಿದ್ದುಪಡಿ ಬೇಕು. ಕುಂಕುಮವನ್ನು ಸುಣ್ಣದಿಂದ ಮಾತ್ರವಲ್ಲದೆ, ಬಿಳಿಗಾರ (ಬೋರಾಕ್ಸ್) ಮತ್ತು ನಿಂಬೆರಸವನ್ನು ಬಳಸಿಯೂ ತಯಾರಿಸುವ ಪದ್ಧತಿಯಿದೆ. ಬಿಳಿಗಾರದಲ್ಲಿರುವ ಬೋರಾನ್ ಕರ್ಕ್ಯುಮಿನ್‌ನೊಂದಿಗೆ ಸೇರಿ ಬೇರೆಯೇ ಕೆಂಪು ಸಂಯುಕ್ತವನ್ನು ಕೊಡುವುದರಿಂದ, ಅಂತಹ ಕುಂಕುಮ ಹುಳಿಗೆ ಹಳದಿಯಾಗಲೇಬೇಕೆಂದಿಲ್ಲ. ಹಳದಿಯಾದರೆ ಅದರಲ್ಲಿ ಅರಿಶಿನವಿದೆ ಎಂದು ಊಹಿಸಬಹುದು. ಆಗದಿದ್ದರೆ ಕೃತಕವೆಂದು ಹೇಳಲಾಗದು. ಇನ್ನೊಂದು ಮಾತು: ಮಕ್ಕಳ ಕೈಗೆ ಸುಣ್ಣ ಕೊಡುವಾಗ ದೊಡ್ಡವರು ಜೊತೆಗಿರಲಿ, ಕಣ್ಣಿಗೆ ಬಿದ್ದರೆ ಅದು ಗಂಭೀರ ಹಾನಿ ಮಾಡುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಕೆಂಪು ಪಟ್ಟಿಗಳೊಂದಿಗೆ ಮತ್ತೆ ಮಾಡಿದೆವು. ನಿಂಬೆಗೆ ತಕ್ಷಣ ಹಳದಿಯಾಯಿತು, ಹುಣಸೆಗೆ ನಾಲ್ಕೈದು ಹನಿ ಬೇಕಾಯಿತು, ಸಕ್ಕರೆ ನೀರಿಗೆ ಬದಲಾಗಲಿಲ್ಲ. ಮನೆಯ ಕುಂಕುಮಕ್ಕೂ ನಿಂಬೆರಸ ಹಾಕಿದೆವು; ಕೆಂಪಾಗಿಯೇ ಉಳಿಯಿತು. ‘ಉತ್ತರ 3’ನ್ನು ಓದಿ ಹೇಳಿದ ಮೇಲೆ ಅವಳು ನೋಟ್‌ಪುಸ್ತಕದ ಆ ಸಾಲಿನಲ್ಲಿ ‘ನಕಲಿ’ ಎಂದು ಬರೆದದ್ದನ್ನು ಹೊಡೆದುಹಾಕಿ, ‘ಇದರಿಂದ ತಿಳಿಯುವುದಿಲ್ಲ’ ಎಂದು ಬರೆದಿದ್ದಾಳೆ. ದಾಸವಾಳಕ್ಕೆ ಪಕ್ಕದ ಮನೆಯವರನ್ನು ಕೇಳಬೇಕು.