ಅಪ್‌ಡೇಟ್: ಮಿಯಾಟಾ ಕ್ಲಚ್ ಸರಿಹೋಯಿತು, ಗೇರ್‌ಬಾಕ್ಸ್ ಇಳಿಸಲಿಲ್ಲ

ನನ್ನ 1991ರ ಮಜ್ದಾ ಮಿಯಾಟಾದ ಕ್ಲಚ್ ಪೆಡಲ್ ಒತ್ತಿದರೆ ಮೇಲೆ ಬರುತ್ತಿಲ್ಲ, ಗೇರ್ ಬೀಳುತ್ತಿಲ್ಲ, ಗೇರ್‌ಬಾಕ್ಸ್ ಇಳಿಸಿ ಹೊಸ ಕ್ಲಚ್ ಹಾಕಬೇಕಾ ಅಂತ ಕೇಳಿದ್ದೆ. ಬೇಕಾಗಲಿಲ್ಲ! ಮೊದಲು ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಅದು ಗೇರ್‌ಬಾಕ್ಸಿನ ಹೊರಗೇ ಇದೆ, ಎರಡೇ ಬೋಲ್ಟ್. ಕಾರನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ ಸಿಲಿಂಡರಿನ ರಬ್ಬರ್ ಬೂಟ್ ಸರಿಸಿದೆ. ಒಳಗಿಂದ ಕಪ್ಪಗಾದ ಆಯಿಲ್ ಸುರಿಯಿತು. 30 ವರ್ಷ ದಾಟಿದ ರಬ್ಬರ್ ಸೀಲ್ ಅಲ್ವಾ, ಸವೆದಿತ್ತು. ಪೆಡಲ್ ಕಡೆಯಿಂದ ಆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್ ಕೂಡ ಅಷ್ಟೇ ಹಳೆಯದು. ಒಂದನ್ನು ಮಾತ್ರ ಬದಲಿಸಿದರೆ ಇನ್ನೊಂದು ಬೇಗ ಕೈಕೊಡಬಹುದು. ಹಾಗಾಗಿ ಎರಡನ್ನೂ ಹೊಸದು ಹಾಕಿದೆ.

ಜಾಸ್ತಿ ಹೊತ್ತು ಹಿಡಿದಿದ್ದು ಆಯಿಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದು. ಹೆಂಡತಿ ಪೆಡಲ್ ಒತ್ತಿ ಹಿಡಿಯುವಳು, ನಾನು ಕೆಳಗೆ ಮಲಗಿ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ ಮತ್ತೆ ಬಿಗಿ ಮಾಡುವೆ. ಗುಳ್ಳೆ ನಿಲ್ಲುವ ತನಕ ಇದೇ ಕೆಲಸ. ನಡುವೆ ಮಾಸ್ಟರ್ ಸಿಲಿಂಡರಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ (ಕ್ಲಚ್‌ಗೂ ಇದೇ) ಖಾಲಿಯಾಗಲು ಬಿಡಬೇಡಿ, ಮತ್ತೆ ಗಾಳಿ ಸೇರುತ್ತದೆ. ಬಾಡಿ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತದೆ.

ನಿನ್ನೆ ಸಂಜೆ ಟಾಪ್ ಮಡಚಿ 40 ಕಿಲೋಮೀಟರ್ ಓಡಿಸಿದೆ. ಎಲ್ಲ ಗೇರೂ ಸಲೀಸಾಗಿ ಬೀಳುತ್ತಿವೆ.