ಕುದುರೆ ಸಾಕೋಣ ಅಂತಿದ್ದೇವೆ, ಜಮೀನಿನ ತುಂಬ ತುರಿಕೆ ಗಿಡ. ಮಾಡಿದವರು ಅನುಭವ ಹೇಳಿ

ಕನಕಪುರದ ಕಡೆಯಿಂದ:

ನಮ್ಮದು ಎರಡೂವರೆ ಎಕರೆ. ಏಳೆಂಟು ವರ್ಷದಿಂದ ಉಳುಮೆ ಇಲ್ಲದೆ ಬೀಳು ಬಿದ್ದಿದೆ. ರೇಸ್ ಓಡಿ ಮುಗಿಸಿದ ಎರಡು ಕುದುರೆಗಳನ್ನು ತಂದು ನೆಮ್ಮದಿಯಾಗಿ ಇಡಬೇಕು ಅಂತ ಮನೆಯವರೆಲ್ಲ ಆಸೆಪಟ್ಟಿದ್ದೇವೆ. ಆದರೆ ಅರ್ಧ ಜಾಗ ಪಾರ್ಥೇನಿಯಂ, ಬದುವಿನ ಉದ್ದಕ್ಕೂ ಲಂಟಾನ, ಬೇಲಿ ಮೇಲೆ ನಸುಗುನ್ನಿ ಬಳ್ಳಿ. ಕಳೆದ ಭಾನುವಾರ ಎರಡು ಗಂಟೆ ಕಿತ್ತಿದ್ದಕ್ಕೇ ನನ್ನ ಕೈ, ಕುತ್ತಿಗೆ ಎಲ್ಲ ದದ್ದು. ಜೆಸಿಬಿ ತರಿಸೋದಾ, ಬೆಂಕಿ ಹಾಕೋದಾ, ಔಷಧಿ ಹೊಡೆಸೋದಾ ಗೊತ್ತಾಗುತ್ತಿಲ್ಲ.

ದೊಡ್ಡಬಳ್ಳಾಪುರದ ಕಡೆಯಿಂದ:

ನಮಸ್ಕಾರ. ಆರು ವರ್ಷದ ಹಿಂದೆ ನಾವೂ ಇದೇ ಜಾಗದಲ್ಲಿ ನಿಂತಿದ್ದೆವು. ಮೂರು ಎಕರೆ ಬೀಳು, ಒಂದು ಹೆಣ್ಣು ಕುದುರೆ, ಒಂದು ತಟ್ಟು. ನಮ್ಮಿಂದ ಆದ ತಪ್ಪು ನಿಮ್ಮಿಂದ ಆಗಬಾರದು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಜೆಸಿಬಿ ವಿಷಯ. ನಾವು ತರಿಸಿದೆವು. ಒಂದೇ ದಿನದಲ್ಲಿ ಜಮೀನು ಗುಡಿಸಿದ ಅಂಗಳದ ಹಾಗಾಯಿತು. ಮುಂಗಾರಿನ ಎರಡು ಹದ ಮಳೆ ಬಿದ್ದದ್ದೇ ತಡ, ಸಸಿಮಡಿ ಹಾಕಿದ ಹಾಗೆ ಮೂರು ಎಕರೆಯೂ ಪಾರ್ಥೇನಿಯಂ ಎದ್ದಿತು. ಒಂದೇ ಗಿಡ ಹದಿನೈದು ಇಪ್ಪತ್ತು ಸಾವಿರ ಬೀಜ ಉದುರಿಸುತ್ತದೆ. ಆ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಮೇಲ್ಮಣ್ಣು ಕೆರೆದು ಬರಿದು ಮಾಡಿದರೆ ಅದಕ್ಕೆ ಬೇಕಾದ್ದನ್ನು ನಾವೇ ಮಾಡಿಕೊಟ್ಟ ಹಾಗೆ. ಹಾಗಾಗಿ ಇಡೀ ಜಮೀನಿಗೆ ಒಟ್ಟಿಗೆ ಕೈ ಹಾಕಬೇಡಿ. ಹತ್ತು ಗುಂಟೆ ತೆಗೆಯಿರಿ, ಅಲ್ಲಿ ಹುಲ್ಲು ಹಿಡಿಸಿ, ಆಮೇಲೆ ಮುಂದಿನ ಹತ್ತು ಗುಂಟೆ. ನಿಧಾನ ಅನಿಸುತ್ತದೆ, ಆದರೆ ನಮಗೆ ನಿಂತದ್ದು ಇದೊಂದೇ.

ಈಗ ಚರ್ಮದ ಮಾತು. ಇದು ನನಗೆ ಇವತ್ತಿಗೂ ನೋವಿರುವ ವಿಷಯ. ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಅಕ್ಕ ಒಬ್ಬರು ಮೊದಲ ವರ್ಷ ಪೂರ್ತಿ ಬರಿಗೈಯಲ್ಲೇ ಕಿತ್ತರು. ಏನೂ ಆಗಲಿಲ್ಲ. "ನಮಗೆಲ್ಲ ಇದು ಅಭ್ಯಾಸ, ಬಿಡಿ" ಅಂದರು. ನಾವೂ ಸುಮ್ಮನಾದೆವು. ಎರಡನೇ ವರ್ಷ ಒಂದು ಬೆಳಿಗ್ಗೆ ಬಂದರೆ ಎರಡೂ ರೆಪ್ಪೆ ಊದಿ ಕಣ್ಣು ಗೀಟಿನಷ್ಟೇ ತೆರೆದಿದೆ. ಕುತ್ತಿಗೆ ಮಡಿಕೆ, ಮೊಣಕೈ ಒಳಭಾಗ ಕೆಂಪಾಗಿ, ಮುಟ್ಟಿದರೆ ಒಣಗಿದ ತೊಗಲಿನ ಹಾಗೆ ಒರಟು. ಚರ್ಮದ ಡಾಕ್ಟರು ನೋಡಿದ ಕೂಡಲೇ ಹೇಳಿದರು, ಇದು ಪಾರ್ಥೇನಿಯಂ ಅಲರ್ಜಿ ಅಂತ. ಈ ಗಿಡದ ಗುಣವೇ ಅಂಥದ್ದು. ಮತ್ತೆ ಮತ್ತೆ ತಾಗಿ ತಾಗಿ ಒಂದು ದಿನ ಮೈ ತಿರುಗಿಬೀಳುತ್ತದೆ. ಆಮೇಲೆ ಗಿಡ ಮುಟ್ಟುವುದೇ ಬೇಡ, ಒಣಗಿದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ಅವರು ಈಗ ನಮ್ಮಲ್ಲಿ ಕುದುರೆ ಮೇವಿನ ಲೆಕ್ಕ ನೋಡುತ್ತಾರೆ, ಹೊಲಕ್ಕೆ ಇಳಿಯುವುದಿಲ್ಲ. ಮೊದಲ ದಿನವೇ ಗ್ಲೌಸ್ ಕೊಟ್ಟಿದ್ದರೆ ಇಷ್ಟು ಆಗುತ್ತಿರಲಿಲ್ಲ ಅಲ್ವಾ ಅಂತ ಈಗಲೂ ಅನಿಸುತ್ತದೆ.

ಆದ್ದರಿಂದ, ದದ್ದು ಬಂದಿರುವ ನೀವು ಇನ್ನು ಕೀಳಬೇಡಿ. ಡಾಕ್ಟರಿಗೆ ತೋರಿಸಿ. ಕೀಳುವವರಿಗೆ ತುಂಬು ತೋಳಿನ ಅಂಗಿ, ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸ್, ಮೂಗು ಬಾಯಿಗೆ ಬಟ್ಟೆ ಕೊಡಿ. ಕೆಲಸ ಮುಗಿದ ಮೇಲೆ ಅಲ್ಲೇ ಸೋಪು ಹಾಕಿ ತೊಳೆದುಕೊಳ್ಳಲು ನೀರಿರಲಿ. ಆ ಬಟ್ಟೆ ಮನೆಯ ಬಟ್ಟೆ ಜೊತೆ ನೆನೆಸಬೇಡಿ. ಮಳೆ ಬಿದ್ದ ಮಾರನೇ ದಿನ ಮಣ್ಣು ಮೆತ್ತಗಿದ್ದಾಗ ಬೇರು ಸಮೇತ ಬರುತ್ತದೆ. ಮೊಳೆತ ಒಂದು ತಿಂಗಳಿಗೆಲ್ಲ ಹೂ ಕಾಣಿಸುವುದರಿಂದ ಅದಕ್ಕೆ ಮುಂಚೆಯೇ ಕೀಳಿ. ಹೂ ಬಿಡದ ಗಿಡವನ್ನು ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಬಹುದು. ಮಳೆಗಾಲದಲ್ಲಿ ಎಲೆ ಮೇಲೆ ಕಂದು ಗೀರಿರುವ ತಿಳಿ ಬಣ್ಣದ ಸಣ್ಣ ದುಂಬಿ ಕಂಡರೆ ಕೊಲ್ಲಬೇಡಿ. ಈ ಗಿಡ ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಅದು. ಪೂರ್ತಿ ಮುಗಿಸುವುದಿಲ್ಲ, ಆದರೆ ಒಳ್ಳೆಯ ಸಹಾಯ.

ನಸುಗುನ್ನಿ ಬೇರೆಯೇ ಕಥೆ. ಇಲ್ಲಿ ಅಲರ್ಜಿ ಇದ್ದವರು ಇಲ್ಲದವರು ಅಂತಿಲ್ಲ, ಎಲ್ಲರಿಗೂ ಕಚ್ಚುತ್ತದೆ. ಚಳಿಗಾಲದಲ್ಲಿ ಕಾಯಿ ಒಣಗಿದಾಗ ಅದರ ಮೇಲಿನ ಕಂದು ಕೂದಲು ಮಖಮಲ್ಲಿನ ಹಾಗೆ ಹೊಳೆಯುತ್ತದೆ. ನಮ್ಮ ಹುಡುಗ ಬೇಲಿಯಿಂದ ಬಳ್ಳಿ ಎಳೆದ ಅಷ್ಟೇ, ಕುತ್ತಿಗೆ ಬೆನ್ನೆಲ್ಲ ಉರಿ, ಕೂಗಾಟ. ನೀರು ಹಾಕಿ ಉಜ್ಜಿದ, ಇನ್ನೂ ಜಾಸ್ತಿ ಆಯಿತು. ನಮ್ಮತ್ತೆ ಚಪಾತಿಗೆ ನಾದಿಟ್ಟಿದ್ದ ಹಿಟ್ಟಿನ ಉಂಡೆ ತಂದು ಕುತ್ತಿಗೆ ಮೇಲೆ ಒತ್ತಿ ಒತ್ತಿ ತೆಗೆದರು. ಉಂಡೆಯನ್ನು ಬೆಳಕಿಗೆ ಹಿಡಿದರೆ ಎಳ್ಳಿಗಿಂತ ಸಣ್ಣ ಕಂದು ಮುಳ್ಳುಗಳು ಸಾಲಾಗಿ ಚುಚ್ಚಿಕೊಂಡಿದ್ದವು. ಪ್ಯಾಕಿಂಗ್ ಟೇಪ್ ಕೂಡ ಆಗುತ್ತದೆ. ಉಜ್ಜಬಾರದು, ಅಷ್ಟೇ. ಊರಲ್ಲಿ ಸಗಣಿ ಬಳಿದು ಒಣಗಿಸಿ ತೆಗೆಯುತ್ತಾರೆ, ಆದರೆ ಕೆರೆದು ಗಾಯ ಆಗಿದ್ದರೆ ಸಗಣಿ ಬೇಡವೇ ಬೇಡ. ಬಳ್ಳಿಯನ್ನು ಮಳೆಗಾಲದಲ್ಲಿ, ಕಾಯಿ ಕಟ್ಟುವ ಮೊದಲೇ ಬುಡದಲ್ಲಿ ಕತ್ತರಿಸಿ. ಈಗಲೇ ಒಣಕಾಯಿ ಇದ್ದರೆ ಗಾಳಿ ಇಲ್ಲದ ಹೊತ್ತು ನೋಡಿ, ಚೆನ್ನಾಗಿ ನೀರು ಚಿಮುಕಿಸಿ, ನೆನೆದ ಮೇಲೆ ಕುಡುಗೋಲಿನಲ್ಲಿ ಕೊಯ್ದು ಗೋಣಿಚೀಲಕ್ಕೆ ತುಂಬಿ. ಕುದುರೆಯ ಮೂತಿ ಬೇಲಿಗೆ ತಾಗುವ ಜಾಗದಲ್ಲಿ ಒಂದು ಕಾಯಿಯೂ ಉಳಿಯಬಾರದು.

ಲಂಟಾನವನ್ನು ಬರೀ ಸವರಿದರೆ ಬುಡದಿಂದ ಹತ್ತು ಚಿಗುರು ಬರುತ್ತವೆ. ನೆಲದಿಂದ ಎರಡು ಮೂರು ಬೆರಳು ಕೆಳಗೆ ಬೇರು ಕಡಿದು, ಇಡೀ ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡಿ. ಕೊಂಬೆ ಹಸಿ ಮಣ್ಣಿಗೆ ತಾಗಿದರೆ ಅಲ್ಲೇ ಮತ್ತೆ ಬೇರು ಬಿಡುತ್ತದೆ. ಹೀಗೆ ಕಡಿದರೆ ಇನ್ನೊಂದು ಲಾಭ, ನೆಲದ ಮೇಲೆ ಕೂಳೆ ಉಳಿಯುವುದಿಲ್ಲ. ಮಚ್ಚಿನಲ್ಲಿ ಓರೆಯಾಗಿ ಕಡಿದ ಕೂಳೆ ಈಟಿಯ ಹಾಗೆ ನಿಂತಿರುತ್ತದೆ, ಕುದುರೆಯ ಗೊರಸಿನ ಅಡಿಗೆ ನೇರ ಇಳಿಯುತ್ತದೆ. ಕುದುರೆಗೆ ಧನುರ್ವಾಯು ಬಲು ಬೇಗ ತಗಲುತ್ತದೆ. ಕುದುರೆ ಬರುವ ಮೊದಲೇ ಲಸಿಕೆಯ ವಿಷಯ ಪಶುವೈದ್ಯರ ಹತ್ತಿರ ಮಾತಾಡಿಡಿ. ಪೊದೆಯೊಳಗೆ ಹಳೆಯ ಮುಳ್ಳುತಂತಿ, ಬಾಟಲಿ ಚೂರು ಇದ್ದೇ ಇರುತ್ತವೆ, ಹಾವೂ ಇರುತ್ತದೆ. ಕೋಲಿನಲ್ಲಿ ಬಡಿದು, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ.

ಔಷಧಿ ಹೊಡೆಸುವುದು ನಿಮ್ಮ ಇಷ್ಟ. ಆದರೆ ಒಂದು ಗೊತ್ತಿರಲಿ. ಔಷಧಿಗೆ ಬಾಡಿದ ವಿಷದ ಗಿಡ ಹಸಿಯಾಗಿದ್ದಾಗಿಗಿಂತ ಪ್ರಾಣಿಗೆ ರುಚಿ ಅನಿಸುತ್ತದೆ. ಬಾಡಿದ್ದನ್ನು ಪೂರ್ತಿ ತೆಗೆಯುವವರೆಗೆ ಕುದುರೆ ಬಿಡಲೇಬೇಡಿ. ನಮ್ಮ ಹೆಣ್ಣು ಕುದುರೆಗೆ ಮೂತಿ ಮೇಲೆ ಬಿಳಿ ಪಟ್ಟೆ ಇದೆ. ಕಿತ್ತು ರಾಶಿ ಹಾಕಿದ್ದ ಲಂಟಾನ ಸೊಪ್ಪಿಗೆ ಬಾಯಿ ಹಾಕಿತ್ತು. ಎರಡು ದಿನಕ್ಕೆ ಆ ಬಿಳಿ ಭಾಗ ಮಾತ್ರ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗಿ ಸಿಪ್ಪೆ ಎದ್ದಿತು, ಪಕ್ಕದ ಕಂದು ಚರ್ಮ ಹಾಗೇ ಇತ್ತು. ಲಂಟಾನ ಈಲಿಗೆ (ಲಿವರ್‌ಗೆ) ಹೊಡೆತ ಕೊಡುತ್ತದೆ, ಆಗ ಬಿಳಿ ಚರ್ಮ ಬಿಸಿಲು ತಡೆಯುವುದಿಲ್ಲ. ತಕ್ಷಣ ನೆರಳಿಗೆ ಕಟ್ಟಿ ಡಾಕ್ಟರನ್ನು ಕರೆಸಿದ್ದರಿಂದ ಉಳಿಯಿತು.

ಕಿತ್ತ ಜಾಗಕ್ಕೆ ಗರಿಕೆ ಹಾಕಿ. ಗಣಪತಿಗೆ ಏರಿಸುವ ಅದೇ ಗರಿಕೆ. ಗೆಣ್ಣು ಗೆಣ್ಣು ತುಂಡು ಮಾಡಿ ಮಳೆಗಾಲದಲ್ಲಿ ನೆಟ್ಟರೆ ನೆಲಕ್ಕೆ ಚಾಪೆ ಹಾಸಿದ ಹಾಗೆ ಹಬ್ಬುತ್ತದೆ, ಕುದುರೆಗೂ ಪ್ರೀತಿ. ಒಂದು ಮೂಲೆಯಲ್ಲಿ ಕುದುರೆ ಮೆಂತೆ (ಲೂಸರ್ನ್ ಮೇವು) ಬೆಳೆದುಕೊಳ್ಳಿ. ಪಾರ್ಥೇನಿಯಂ ಹತ್ತಿಕ್ಕಲು ತಗಚೆ ಬೀಜ ಎರಚಿ ಅಂತ ಯಾರಾದರೂ ಹೇಳಬಹುದು. ರಸ್ತೆ ಬದಿಗೆ ಸರಿ, ಕುದುರೆ ಮೇಯುವ ಕಡೆ ಬೇಡ.

ಸಾಗರದಿಂದ:

ಮೇಲೆ ಬೆಂಕಿಯ ಮಾತು ಬಿಟ್ಟುಹೋಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ಸುಡಬೇಡಿ. ನಮ್ಮ ಕಡೆ ಹೊಳಗೇರು ಅಂತ ಮರ ಇದೆ, ಹಾಲು ತಾಗಿದರೆ ಮೈಯೆಲ್ಲ ಬೊಬ್ಬೆ. ನಿಮ್ಮ ಕಡೆ ಕರಿಗೇರು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿಯದು. ತೊಗಟೆ ಮೇಲೆ ಕಪ್ಪಗೆ ಸೋರಿದ ಕಲೆ ಕಂಡರೆ ಕೊಡಲಿ ಹಾಕುವ ಮೊದಲು ಮರ ಬಲ್ಲ ಹಿರಿಯರನ್ನು ಕೇಳಿ. ನಮ್ಮ ಚಿಕ್ಕಪ್ಪ ಸೌದೆ ರಾಶಿಯಲ್ಲಿ ಅದು ಸೇರಿದ್ದು ಗೊತ್ತಿಲ್ಲದೆ ಬೆಂಕಿ ಇಟ್ಟು, ಹೊಗೆಗೆ ಮುಖ ಊದಿಸಿಕೊಂಡು ಒಂದು ವಾರ ಮಲಗಿದ್ದರು.

ಅಮೆರಿಕದ ನಾರ್ತ್ ಕ್ಯಾರೊಲಿನಾದಿಂದ:

ಊರು ಹಾಸನ, ಇಲ್ಲಿ ಒಂದು ಕುದುರೆ ಇಟ್ಟುಕೊಂಡಿದ್ದೇವೆ. ಇಲ್ಲಿನ ಪಾಯ್ಸನ್ ಐವಿ ಅನ್ನುವ ತುರಿಕೆ ಬಳ್ಳಿ ಕೂಡ ಗೇರಿನ ಕುಟುಂಬದ್ದೇ. ಬಿಲ್ವಪತ್ರೆಯ ಹಾಗೆ ಮೂರು ಮೂರು ಎಲೆ. ಕುದುರೆ ಅದನ್ನು ತಿಂದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಅದರ ಎಣ್ಣೆ ಕುದುರೆ ಮೈಕೂದಲಿಗೆ ಅಂಟಿ ಬಂದು ಉಜ್ಜುವವರಿಗೆ ದದ್ದು ಬರುತ್ತದೆ. ನನಗೆ ಮೂರು ಸಲ ಬಂದ ಮೇಲೆ ಇದು ಹೊಳೆದದ್ದು. ಕತ್ತಿ, ಹಗ್ಗ, ಶೂ, ಕುದುರೆಯ ಬ್ರಷ್ಷು ಎಲ್ಲವನ್ನೂ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಿರಿ. ಆ ಎಣ್ಣೆ ಸಾಮಾನಿನ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಗೇರಿನ ಹಾಲು ತಾಗಿದರೂ ಇದೇ ಬುದ್ಧಿ ಅಂದುಕೊಳ್ಳುತ್ತೇನೆ.

ಕನಕಪುರದ ಕಡೆಯಿಂದ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಜೆಸಿಬಿಯವರಿಗೆ ಬೇಡ ಅಂತ ಹೇಳಿಬಿಟ್ಟೆ. ಗ್ಲೌಸ್ ತಂದಿದ್ದೇವೆ. ಇನ್ನೊಂದೇ ಪ್ರಶ್ನೆ. ಬದುವಿನಲ್ಲಿ ಸುಬಾಬುಲ್ ಸಾಲು ಇದೆ, ಮಧ್ಯೆ ನಾಲ್ಕು ಹರಳು ಗಿಡ, ಬಾಗಿಲ ಹತ್ತಿರ ಕಣಗಿಲೆ. ಇವು ಮೈಗೇನೂ ಮಾಡಲ್ಲವಲ್ಲ, ಇರಲಿ ಬಿಡೋದಾ?

ದೊಡ್ಡಬಳ್ಳಾಪುರದ ಕಡೆಯಿಂದ:

ಹರಳು, ಕಣಗಿಲೆ ಎರಡನ್ನೂ ಕುದುರೆ ಬರುವ ಮೊದಲು ಬುಡಸಮೇತ ತೆಗೆಯಿರಿ. ಕಣಗಿಲೆ ನಾಲ್ಕೆಲೆ ಒಣಗಿ ಹುಲ್ಲಿನಲ್ಲಿ ಬೆರೆತರೂ ಪ್ರಾಣಕ್ಕೆ ಬರಬಹುದು. ಹರಳಿನ ಬೀಜವೂ ಹಾಗೇ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಹೋದ ಹಾಗೆ.

ಸುಬಾಬುಲ್ ಹಸುಗಳಿಗೆ ಹಾಕುತ್ತೀವಲ್ಲ ಅಂತ ನಾವೂ ತಟ್ಟುವಿಗೆ ದಿನಾ ಒಂದು ಹೊರೆ ಹಾಕಿದೆವು. ಒಂದು ಬೆಳಿಗ್ಗೆ ಬಾಚುವಾಗ ಬಾಲದ ಕೂದಲು ಹಿಡಿ ಹಿಡಿಯಾಗಿ ಬಾಚಣಿಗೆಯಲ್ಲೇ ಬಂತು, ಜಡೆಯಲ್ಲೂ ಅಷ್ಟೇ. ಆ ಸೊಪ್ಪಿನಲ್ಲಿರುವ ಮೈಮೋಸಿನ್ ಅನ್ನುವ ಅಂಶ ಹೀಗೆ ಮಾಡುತ್ತದೆ ಅಂತ ಪಶುವೈದ್ಯರು ಹೇಳಿದರು. ಸೊಪ್ಪು ನಿಲ್ಲಿಸಿದೆವು. ಬಾಲ ಮತ್ತೆ ತುಂಬಿಕೊಳ್ಳಲು ಒಂದು ವರ್ಷದ ಹತ್ತಿರ ಹಿಡಿಯಿತು. ಮರ ನೆರಳಿಗೆ ಬೇಕಿದ್ದರೆ ಬೇಲಿಯಿಂದ ಆಚೆ ಇರಲಿ, ಕೊಂಬೆ ಕುದುರೆ ಬಾಯಿಗೆ ಸಿಗದ ಹಾಗೆ ಸವರಿಸಿ.