ಮಾಫಿಯಾ ಬಾಸ್‌ನನ್ನು ಹಿಡಿಯೋ ಕಾರ್ಯಾಚರಣೆಗೆ 'ಸೂರ್ಯಾಸ್ತ' ಅಂತ ಹೆಸರಾ?

ಬಯಲುಸೀಮೆ: 30 ವರ್ಷ ತಲೆಮರೆಸಿಕೊಂಡಿದ್ದ ಇಟಲಿಯ ಸಿಸಿಲಿ ದ್ವೀಪದ ಮಾಫಿಯಾ ಬಾಸ್ ಮತ್ತೆಯೊ ಮೆಸ್ಸಿನಾ ದೆನಾರೊ 2023ರ ಜನವರಿ 16ರಂದು ಪಾಲೆರ್ಮೊದ ಖಾಸಗಿ ಆಸ್ಪತ್ರೆ ಹತ್ತಿರ ಸಿಕ್ಕಿಬಿದ್ದ. ಕ್ಯಾನ್ಸರ್ ಚಿಕಿತ್ಸೆಗೆ ಬಂದಿದ್ದ. ಆ ಕಾರ್ಯಾಚರಣೆಗೆ 'ತ್ರಮೊಂತೊ', ಅಂದ್ರೆ ಸೂರ್ಯಾಸ್ತ ಅಂತ ಹೆಸರಿಟ್ಟಿದ್ದರು. ಕೊಲೆಗಾರನಿಗೆ ಇಷ್ಟು ಚಂದದ ಹೆಸರು ಯಾಕೆ? ಕೇಸ್ ನಂಬರ್ ಸಾಕಿತ್ತು.

ಸುಮಾ: ಆ ಹೆಸರು ಅವನಿಗೆ ಇಟ್ಟಿದ್ದಲ್ಲ ಅಣ್ಣ. 1993ರ ಮೇ 27ರ ನಡುರಾತ್ರಿ ಫ್ಲಾರೆನ್ಸ್‌ನ ಜಾರ್ಜೊಫಿಲಿ ಬೀದಿಯಲ್ಲಿ ಮಾಫಿಯಾದವರ ಬಾಂಬ್ ಸಿಡಿದು ಐದು ಜನ ಸತ್ತರು. 9 ವರ್ಷದ ನಾದಿಯಾ, ಅವಳ ಅಪ್ಪ, ಅಮ್ಮ, ಎರಡು ತಿಂಗಳೂ ತುಂಬದ ತಂಗಿ, ಜೊತೆಗೆ ಒಬ್ಬ ವಿದ್ಯಾರ್ಥಿ. ಅದಕ್ಕೆ ಕೆಲವೇ ದಿನ ಮುಂಚೆ ನಾದಿಯಾ ಸೂರ್ಯಾಸ್ತದ ಮೇಲೊಂದು ಪುಟ್ಟ ಕವಿತೆ ಬರೆದಿದ್ದಳು. ಪೊಲೀಸರು ಹೆಸರು ತಗೊಂಡಿದ್ದು ಅಲ್ಲಿಂದ. ಆ ಬಾಂಬ್ ಕೇಸಲ್ಲಿ ಈ ಮೆಸ್ಸಿನಾ ದೆನಾರೊಗೆ ಜೀವಾವಧಿ ಶಿಕ್ಷೆ ಆಗಿತ್ತು.

ಹಳೇ ಓದುಗ: ನನಗೆ ಸಿಟ್ಟು ಬರೋದು ಬಾಸ್‌ಗಳ ಅಡ್ಡಹೆಸರು ಕಂಡಾಗ. ಸಿಸಿಲಿ ಮಾಫಿಯಾದ ಇನ್ನೊಬ್ಬ ಬಾಸ್ ತೊತೊ ರೀನಾನನ್ನು ಎಲ್ಲರೂ 'ಮೃಗ' ಅಂದರು. ಅದರಿಂದ ಅವನು ಇನ್ನೂ ದೊಡ್ಡವನಾದ, ಅಷ್ಟೇ. ಅಲ್ಲಿನದೇ ಮತ್ತೊಬ್ಬ ಬಾಸ್ ಪ್ರೊವೆನ್ಜಾನೊಗೆ 'ಟ್ರ್ಯಾಕ್ಟರ್' ಅಂತ ಹೆಸರು. 2006ರಲ್ಲಿ ಸಿಕ್ಕಾಗ ಅವನು ಕೊರ್ಲಿಯೋನೆ ಹತ್ತಿರ ಹೊಲದ ಮನೆಯೊಂದರಲ್ಲಿದ್ದ. ಟೈಪ್‌ರೈಟರ್ ಇತ್ತು. ಅದರಲ್ಲಿ ಆದೇಶ ಟೈಪ್ ಮಾಡಿದ ಚೀಟಿಗಳನ್ನು ಚಿಕ್ಕದಾಗಿ ಮಡಚಿ, ಟೇಪ್ ಸುತ್ತಿ, ಕೈಯಿಂದ ಕೈಗೆ ದಾಟಿಸುತ್ತಿದ್ದ. ಅವನ ಅಧಿಕಾರವೆಲ್ಲ ಆ ಚೀಟಿಗಳಲ್ಲಿತ್ತು. ಜನರಿಗೆ ತೋರಿಸಬೇಕಾದ್ದು ಅದನ್ನು.

ಬಯಲುಸೀಮೆ: ಸುಮಾ ಅವರೇ, ನಾದಿಯಾ ವಿಷಯ ಗೊತ್ತಿರಲಿಲ್ಲ. ಆ ಹೆಸರಿನ ಬಗ್ಗೆ ನನ್ನ ಮಾತು ವಾಪಸ್. ಆದರೆ ದಕ್ಷಿಣ ಇಟಲಿಯ ಕಲಾಬ್ರಿಯಾ ಪ್ರಾಂತ್ಯದ್ದು ನೋಡಿ. 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಮಾಫಿಯಾ 'ಎನ್‌ಡ್ರಂಗೆಟಾ' ಗ್ಯಾಂಗಿನ ಮೇಲೆ ದಾಳಿ ಮಾಡಿ 300ಕ್ಕೂ ಜಾಸ್ತಿ ಜನರನ್ನು ಹಿಡಿದರು. ಹೆಸರು 'ರಿನಾಷಿತಾ-ಸ್ಕಾಟ್'. ರಿನಾಷಿತಾ ಅಂದ್ರೆ ಮರುಹುಟ್ಟು. 2023ರ ನವೆಂಬರ್‌ನಲ್ಲಿ ತೀರ್ಪು ಬಂದಾಗ 207 ಜನರಿಗೆ ಶಿಕ್ಷೆ ಆಯ್ತು, ನೂರಕ್ಕೂ ಜಾಸ್ತಿ ಜನ ಖುಲಾಸೆ ಆದರು. ವಿಚಾರಣೆಗೂ ಮುಂಚೆಯೇ 'ಊರಿಗೆ ಮರುಹುಟ್ಟು' ಅಂತ ಸಾರಿದರೆ, ಖುಲಾಸೆಯಾದವರು ಆ ಊರಲ್ಲಿ ತಲೆಯೆತ್ತಿ ಓಡಾಡೋದು ಹೇಗೆ?

ಹಳೇ ಓದುಗ: ಈ ಮಾತು ಒಪ್ಪುತ್ತೇನೆ. ಹೆಸರೇ ತೀರ್ಪು ಕೊಡಬಾರದು.

ಸುಮಾ: ನಾನೂ ಒಪ್ಪುತ್ತೇನೆ. ಆದರೆ ಅದೇ ಹೆಸರಿನ ಇನ್ನೊಂದು ಅರ್ಧ ಇದೆಯಲ್ವಾ? ಸ್ಕಾಟ್ ಅನ್ನೋದು ಇಟಲಿಯ ತನಿಖಾಧಿಕಾರಿಗಳ ಜೊತೆ ದುಡಿದು ತೀರಿಕೊಂಡ ಅಮೆರಿಕದ ಮಾದಕವಸ್ತು ತಡೆ ಅಧಿಕಾರಿಯ ಹೆಸರು. ಅದರಿಂದ ಯಾವ ಆರೋಪಿಗೂ ಮಸಿ ಹತ್ತಲ್ಲ. ಇಡೋದಾದರೆ ಅಂಥ ಹೆಸರು ಇಡಲಿ. 'ತ್ರಮೊಂತೊ' ಅಂದಾಗಲೆಲ್ಲ ಯಾರಾದರೂ ಅರ್ಥ ಕೇಳ್ತಾರೆ, ಈಗ ನೀವು ಕೇಳಿದ ಹಾಗೆ. ಆಗ ನಾದಿಯಾ ಬಗ್ಗೆ ಹೇಳಬಹುದು.